ಬಿಚ್ಚಿಡಬಹುದಾದ ಮನೆ

ಮನೆ ಕಟ್ಟುವುದಕ್ಕೆ ಮೊದಲೇ ಅದನ್ನು ಬಿಚ್ಚುವುದು ಹೇಗೆಂದು ಗುರುಪಾದಪ್ಪ ತೀರ್ಮಾನಿಸಿಬಿಟ್ಟಿದ್ದ.

ಜಾಗ ಸಂಜಯನಗರದ ಅಂಚಿನಲ್ಲಿತ್ತು. ಸ್ವಲ್ಪ ಹಿಂದಿನವರೆಗೂ ರಾಗಿ ಬೆಳೆಯುತ್ತಿದ್ದ ಹೊಲ. ಈಗ ಸುಣ್ಣದ ಗೆರೆ ಎಳೆದು ಸೈಟು ಮಾಡಿ ಮಾರಿದ್ದರು. ಕೊಂಡವರ ಕೈಯಲ್ಲಿ ಸ್ಟಾಂಪ್ ಪೇಪರಿತ್ತು, ಹೊಟ್ಟೆಯಲ್ಲಿ ಭಯವಿತ್ತು. ಸರ್ಕಾರ ಹೊಸ ಬಡಾವಣೆಗೆಂದು ಈ ಹೊಲವನ್ನೆಲ್ಲ ವಶಪಡಿಸಿಕೊಳ್ಳುತ್ತದೆ, ಕಟ್ಟಿದ್ದನ್ನೆಲ್ಲ ಕೆಡವುತ್ತದೆ ಎಂದು ಹೆಬ್ಬಾಳದ ಟೀ ಅಂಗಡಿಗಳಲ್ಲಿ ಸುದ್ದಿ. ಹಾಗಾಗಿ ಯಾರೂ ಕಟ್ಟುತ್ತಿರಲಿಲ್ಲ. ಒಬ್ಬ ಮುಳ್ಳುಬೇಲಿ ಹಾಕಿದ್ದ, ಇನ್ನೊಬ್ಬ ತೆಂಗಿನ ಸಸಿ ನೆಟ್ಟಿದ್ದ, ಮಿಕ್ಕವರು ಭಾನುವಾರ ಭಾನುವಾರ ಬಂದು ತಮ್ಮ ಮಣ್ಣನ್ನು ನೋಡಿಕೊಂಡು ಹೋಗುತ್ತಿದ್ದರು.

ಗುರುಪಾದಪ್ಪ ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಕೆಟ್ಟ ಯಂತ್ರವನ್ನು ಬಿಚ್ಚುವುದು, ಒರೆಸುವುದು, ಎಣ್ಣೆ ಬಿಟ್ಟು ಮತ್ತೆ ಜೋಡಿಸುವುದು ಅವನ ಕೆಲಸ. ಅವನ ಪ್ರಕಾರ ಲೋಕದಲ್ಲಿ ಎರಡೇ ಬಗೆಯ ವಸ್ತುಗಳಿದ್ದವು: ಬಿಚ್ಚಬಹುದಾದವು ಮತ್ತು ತಪ್ಪಾಗಿ ಮಾಡಿದವು.

"ಕೆಡವಾಕ ಬಂದ್ರ ಬರವಲ್ರ್ಯಾಕ," ಎಂದು ಹೆಂಡತಿಗೆ ಹೇಳಿದ. "ಅವ್ರು ಬರೂದ್ರಾಗ ನಾವ ಬಿಚ್ಚಿ ಗಾಡಿಗೆ ಹಾಕೂದು. ಎಲ್ಲಿ ಜಾಗಾ ಸಿಗತೈತಿ ಅಲ್ಲಿ ಮತ್ತ ಜೋಡಸೂದು. ನೆಲಾ ಯಾರದರ ಇರಲಿ, ಮನಿ ನಮ್ಮದು."

ನಿಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಮದುವೆಯಾಗಿ ಗದಗ ಬಿಟ್ಟು ಬಂದಂದಿನಿಂದ ಅವಳು ಯಶವಂತಪುರ, ಮತ್ತಿಕೆರೆ, ಆರ್.ಟಿ. ನಗರ, ಮತ್ತೆ ಮತ್ತಿಕೆರೆ ಎಂದು ಬಾಡಿಗೆ ಮನೆಗಳಲ್ಲೇ ತಿರುಗಿದ್ದಳು. ಒಬ್ಬ ಮಾಲೀಕನಿಗೆ ರೊಟ್ಟಿ ಬಡಿಯುವ ಸದ್ದು ಆಗಿಬರುತ್ತಿರಲಿಲ್ಲ, ಇನ್ನೊಬ್ಬನಿಗೆ ಒಗ್ಗರಣೆಯ ಬೆಳ್ಳುಳ್ಳಿ. ಮೂರನೆಯವನಿಗೆ ಎರಡೂ ಸರಿಯಿತ್ತು, ಆದರೆ ಅವನ ತಂಗಿಗೆ ಮದುವೆಯಾಗಿ ಮನೆ ಬೇಕಾಯಿತು. ಪ್ರತಿಸಲವೂ ಅವಳು ಒಲೆಗೆ ಸೆಗಣಿ ಸಾರಿಸಿ, ಅದು ಒಣಗಿ ತನ್ನದು ಅನ್ನಿಸುವಷ್ಟರಲ್ಲಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಬೇಕಾಗುತ್ತಿತ್ತು.

"ನನಗ ಕದಲದಂಥಾ ಮನಿ ಬೇಕ್ರಿ," ಎಂದಳು. "ನೀವು ಮನಿ ಕಟ್ಟಾವ್ರೋ, ಡೇರೆ ಹೊಡ್ಯಾವ್ರೋ?"

"ಡೇರೆಕ್ಕ ಕಿಟಕಿ ಇರೂದಿಲ್ಲಲೇ."

"ಸರ್ಕಸ್ಸಿನವ್ರಿಗೆ ಆನಿನರ ಇರತಾವು."

ಗುರುಪಾದಪ್ಪ ಎದ್ದು ಚಪ್ಪಲಿ ಮೆಟ್ಟಿದ. ಸೈಕಲ್ ಹತ್ತಿ ಯಶವಂತಪುರಕ್ಕೆ ಹೋದ.

ಅಲ್ಲಿ ರೈಲ್ವೆ ಗೋಡೆಗೆ ಒರಗಿದಂತೆ ಗಯಾಸನ ಹಳೇ ಮನೆ ಸಾಮಾನಿನ ಅಂಗಡಿಯಿತ್ತು. ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಯಾವ ಬಂಗಲೆ ಕೆಡವಿದರೂ ಅದರ ಬಾಗಿಲು, ಕಿಟಕಿ, ತೊಲೆ, ಹೆಂಚು, ಇಟ್ಟಿಗೆ ಗಾಡಿಯಲ್ಲಿ ಬಂದು ಇಲ್ಲಿ ಇಳಿಯುತ್ತಿದ್ದವು. ಬಾಗಿಲುಗಳಿಗೆ ಬಾಗಿಲುಗಳೇ ಒರಗಿ ನಿಂತಿದ್ದವು. ಯಾವುದನ್ನು ತೆರೆದರೂ ಅದರ ಹಿಂದೆ ಇನ್ನೊಂದು ಬಾಗಿಲು. ಅಂಗಡಿಯ ಹಿಂಭಾಗದಲ್ಲೇ ಗಯಾಸನ ಮನೆ. ಹೆಂಡತಿ ಅಕ್ಬರಿ ಅಕ್ಕಿ ಆರಿಸುತ್ತ ಅಲ್ಲಿಂದಲೇ ಗಿರಾಕಿಗಳನ್ನು ಅಳೆಯುತ್ತಿದ್ದಳು.

ಗುರುಪಾದಪ್ಪ ಒಂದು ತೇಗದ ಬಾಗಿಲಿನ ಚೌಕಟ್ಟನ್ನು ಸುತ್ತು ಹಾಕಿ, ಬಗ್ಗಿ, ಮೂಸಿ ನೋಡಿ, "ಇದನ್ನ ಕೀಳಾಕ ಎಷ್ಟ ಹೊತ್ತಾತು?" ಎಂದು ಕೇಳಿದ.

ಗಯಾಸ್ ಬೀಡಿ ತುಟಿಯಿಂದ ತೆಗೆದ. "ಎಲ್ರೂ ಬಂದು ಇದು ಎಷ್ಟು ವರ್ಷ ಬಾಳಿಕೆ ಬರುತ್ತೆ ಅಂತ ಕೇಳ್ತಾರೆ ಸಾರ್. ಎಷ್ಟು ಬೇಗ ಕಿತ್ಕೊಂಡ್ ಬರುತ್ತೆ ಅಂತ ಕೇಳಿದೋರು ನೀವೊಬ್ರೇ."

ಗುರುಪಾದಪ್ಪ ತನ್ನ ಯೋಜನೆ ವಿವರಿಸಿದ. ಗಯಾಸ್ ಪೂರ್ತಿ ಕೇಳಿದ. ಆಮೇಲೆ ಎರಡು ಇಟ್ಟಿಗೆ ಎತ್ತಿಕೊಂಡು ಬಂದ. "ಇದು ನೋಡಿ, ಗಾರೇಲಿ ಕಟ್ಟಿದ್ದು. ಸುಣ್ಣ, ಮರಳು, ಇಟ್ಟಿಗೆ ಪುಡಿ. ಹಿಂಗ್ ಕೆರೆದ್ರೆ ಬಿಟ್ಕೊಳ್ಳುತ್ತೆ." ಉಗುರಿನಲ್ಲಿ ಕೆರೆದ. ಬಿಳಿ ಪುಡಿ ಉದುರಿತು. "ಇದು ಸಿಮೆಂಟಲ್ಲಿ ಕಟ್ಟಿದ್ದು. ಬಡಿದ್ರೆ ಇಟ್ಟಿಗೆ ಒಡೆಯುತ್ತೆ, ಸಿಮೆಂಟ್ ಬಿಡೋದಿಲ್ಲ. ಇದನ್ನ ನಾನು ಮುಟ್ಟೋದೇ ಇಲ್ಲ. ಗಾರೆ ಇಟ್ಟಿಗೆ ಬೇಕಾದಷ್ಟು ಮನೆ ನೋಡುತ್ತೆ ಸಾರ್. ಸಿಮೆಂಟ್ ಇಟ್ಟಿಗೆಗೆ ಒಂದೇ ಮನೆ."

"ಹಂಗಾರ ಸಿಮೆಂಟ ಬ್ಯಾಡ," ಎಂದ ಗುರುಪಾದಪ್ಪ. ಅದು ಪರ್ಮಿಟ್ ಇಲ್ಲದೆ ಸಿಮೆಂಟ್ ಸಿಗದಿದ್ದ ಕಾಲ. ಇಡೀ ಊರು ಸಿಮೆಂಟಿಗಾಗಿ ಕ್ಯೂ ನಿಂತಿರುವಾಗ ಬೇಡ ಅನ್ನುವ ಮನುಷ್ಯನನ್ನು ಗಯಾಸ್ ಮೊದಲ ಸಲ ನೋಡುತ್ತಿದ್ದ. ಒಳಗಿಂದ ಟೀ ತರಿಸಿದ.

ಮನೆ ಕಟ್ಟಿದವನು ಶ್ರೀರಾಮಪ್ಪ, ಅಲ್ಲೇ ಪಕ್ಕದ ಹಳ್ಳಿಯ ಮೇಸ್ತ್ರಿ. ಒಂದು ಹಾಲು, ಒಂದು ಅಡುಗೆಮನೆ. ಹಾಲಿಗೆ ತೊಲೆಯ ಮೇಲೆ ಮಂಗಳೂರು ಹೆಂಚು, ಅಡುಗೆಮನೆಗೆ ಕಲ್ಲಿನ ಚಪ್ಪಡಿ. ಬಾಗಿಲು ಕಿಟಕಿಗಳ ಚೌಕಟ್ಟುಗಳು ಗೋಡೆಗೆ ಬೋಲ್ಟಿನಲ್ಲಿ ಕೂತವು, ತೊಲೆಗಳು ಬೋಲ್ಟಿನಲ್ಲಿ ಕೂತವು. ಒಂದೊಂದು ತುಂಡಿನ ಮೇಲೂ ಗುರುಪಾದಪ್ಪ ಕೆಂಪು ಬಣ್ಣದಲ್ಲಿ ನಂಬರ್ ಬರೆದ.

"ಸಾಮಿ, ಎಲ್ರೂ ಮನೆ ಬೀಳ್ದಂಗೆ ಕಟ್ಟು ಅಂತಾರೆ," ಎಂದ ಶ್ರೀರಾಮಪ್ಪ. "ನೀವು ಕರೆದ್ರೆ ಬರೋ ಅಂಗೆ ಕಟ್ಟು ಅಂತೀರಲ್ಲ."

"ಹೌದಪಾ, ಕರದಾಗ ಬರಬೇಕು."

"ಇಂಗೇ ಆದ್ರೆ ಒಂದಿನ ನೀವು ಡ್ಯೂಟಿಗೆ ಓದಾಗ ಅದೂ ಇಂದೆ ಬತ್ತದೆ."

ನಿಂಗವ್ವ ಇದನ್ನೆಲ್ಲ ನೋಡುತ್ತಿದ್ದಳು. ಗೋಡೆ ಏಳುತ್ತಿದ್ದಂತೆ ಅವಳ ಮುಖ ಇಳಿಯುತ್ತಿತ್ತು. ಈ ಮನೆಗೆ ಮಾಲೀಕನಿರಲಿಲ್ಲ ನಿಜ, ಆದರೆ ಸ್ಪ್ಯಾನರ್ ಹಿಡಿದ ಗಂಡನಿದ್ದ. ಒಂದು ದಿನ ಕಿಟಕಿ ಆರಿಸುವ ನೆಪದಲ್ಲಿ ಗಯಾಸನ ಅಂಗಡಿಗೆ ಹೋದವಳು ಒಳಗೆ ಅಕ್ಬರಿಯ ಮುಂದೆ ಕೂತು ಎಲ್ಲವನ್ನೂ ಹೇಳಿಬಿಟ್ಟಳು.

"ಇವ್ರು ಬಿಚ್ಚಾಕ ಹೊಂಟ್ರ ಮತ್ತ ಗೋಣಿಚೀಲಾನ ಅಕ್ಬರಿ ಅಕ್ಕಾ. ಅಡಗಿ ಮನಿ ಒಂದರ ನಂದಂತ ಗಟ್ಟಿ ಇರಬಾರ್ದೇನು?"

ಅಕ್ಬರಿಯ ಕನ್ನಡ ಚಿಕ್ಕದು, ಕೈ ದೊಡ್ಡದು. ಎದ್ದು ಮಂಚದ ಕೆಳಗಿನ ಚಾದರ ಸರಿಸಿದಳು. ಅಲ್ಲಿ ಸಿಮೆಂಟ್ ಮೂಟೆಗಳು ಮಲಗಿದ್ದವು. ಜೀವನವಿಡೀ ಹಳೇ ಸಾಮಾನು ಮಾರುತ್ತಿದ್ದ ಗಯಾಸ್, ಮಗಳ ಮದುವೆಗೆ ಮೊದಲು ಮನೆಗೊಂದು ಹೊಸ ರೂಮು ಏರಿಸಲೆಂದು ಪರ್ಮಿಟ್ ಮಾಡಿಸಿ ತಂದಿಟ್ಟವು.

"ಮಗಳು ಓದ್ತೀನಿ ಅಂತಾಳೆ, ಮದುವೆ ಇಲ್ಲ," ಎಂದಳು ಅಕ್ಬರಿ. "ಇದು ಮಲಗಿ ಮಲಗಿ ಕಲ್ಲು ಆಗುತ್ತೆ. ನೀನು ತಗೋ. ಒಂದು ಮೂಟೆ ಮುಂದೆ ಇರ್ಲಿ, ಅವರು ಬಗ್ಗಿ ನೋಡಿದ್ರೆ ಕಾಣ್ಬೇಕು."

ಗುರುಪಾದಪ್ಪನಿಗೆ ಹಗಲು ಪಾಳಿಯಿದ್ದ ವಾರದಲ್ಲಿ ಅಡುಗೆಮನೆ ಎದ್ದಿತು. ಇಟ್ಟಿಗೆಯ ನಡುವೆ ಸಿಮೆಂಟು, ಚಪ್ಪಡಿಗಳ ಸಂದಿಗೆ ಸಿಮೆಂಟು, ಒಲೆಕಟ್ಟೆಗೆ ಸಿಮೆಂಟು. ಮೇಲೆ ಸುಣ್ಣ ಬಳಿದಾಗ ಎಲ್ಲ ಗೋಡೆಯೂ ಒಂದೇ ಬಿಳುಪು. ಶ್ರೀರಾಮಪ್ಪ ಕರಣೆ ತೊಳೆಯುತ್ತ, "ಅವ್ವಾ, ಸಾಮಿ ಕೇಳಿದ್ರೆ ನಾನೇನ್ ಏಳ್ಲಿ?" ಎಂದ.

"ಕೇಳಿದ್ರ ಹೇಳ್ರಿ. ಕೇಳ್ಲಿಕ್ಕಂದ್ರ ಬ್ಯಾಡ."

ಗುರುಪಾದಪ್ಪ ಕೇಳಲಿಲ್ಲ. ಬೋಲ್ಟುಗಳನ್ನು ಮಾತ್ರ ತಿರುಗಿಸಿ ನೋಡಿದ.

ಒಂದು ವರ್ಷ ಅಲ್ಲಿದ್ದರು. ನಿಂಗವ್ವನ ರೊಟ್ಟಿಯ ಸದ್ದು ಹೊಲದ ತುಂಬ ಹಾರಾಡಿತು, ಯಾರೂ ಬಂದು ಕೇಳಲಿಲ್ಲ. ಗುರುಪಾದಪ್ಪ ಪ್ರತಿ ತಿಂಗಳೂ ಬೋಲ್ಟುಗಳಿಗೆ ಎಣ್ಣೆ ಬಿಟ್ಟ. ಬಹುಶಃ ಇಡೀ ಬೆಂಗಳೂರಿನಲ್ಲಿ ಎಣ್ಣೆ ಕುಡಿಯುತ್ತಿದ್ದ ಮನೆ ಅದೊಂದೇ.

ಆಮೇಲೊಂದು ಶುಕ್ರವಾರ ಶ್ರೀರಾಮಪ್ಪ ಓಡಿ ಬಂದ. "ಸಾಮಿ, ಸೋಮವಾರ ಆಫೀಸ್ನೋರು ಬತ್ತಾರಂತೆ. ಸರಪಳಿ ತತ್ತಾರಂತೆ. ಮನೆಗಿನೆ ಇದ್ರೆ ನೆಲಸಮ ಅಂತೆ. ಟೀ ಅಂಗ್ಡೀಲಿ ಅದೇ ಮಾತು."

ಬೇರೆಯವರಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಗುರುಪಾದಪ್ಪನ ಮುಖ ಅರಳಿತು. ಪರೀಕ್ಷೆಗೆ ಚೆನ್ನಾಗಿ ಓದಿದ ಹುಡುಗನ ಹಾಗೆ ತೋಳು ಮಡಚಿದ. ಶನಿವಾರ ಬೆಳಿಗ್ಗೆಯೇ ಕಾರ್ಖಾನೆಯ ಗೆಳೆಯರು ಸ್ಪ್ಯಾನರುಗಳೊಂದಿಗೆ ಬಂದಿಳಿದರು. ಮೊದಲು ಬಾಗಿಲುಗಳು, ಆಮೇಲೆ ಕಿಟಕಿಗಳು, ಹೆಂಚು, ತೊಲೆ. ಎಲ್ಲವೂ ಕರೆದಾಗ ಬಂದವು. ಸದ್ಯಕ್ಕೆ ಎಲ್ಲ ಗಯಾಸನ ಅಂಗಡಿಯಲ್ಲಿರಲಿ, ಬಾಗಲೂರಿನ ಕಡೆ ಜಾಗ ನೋಡಿದ ಮೇಲೆ ಒಯ್ಯುವುದೆಂದು ಮಾತಾಗಿತ್ತು. ಸಾಮಾನು ಇಳಿಸುವಾಗ ಗುರುಪಾದಪ್ಪನ ಸಂಭ್ರಮ ಹೇಳತೀರದು. ಅಂಗಡಿಗೆ ಬಂದಿದ್ದ ಒಬ್ಬ ಅಪರಿಚಿತ ಗಿರಾಕಿಯನ್ನು ನಿಲ್ಲಿಸಿಕೊಂಡು, ಈ ಬಾಗಿಲು ಹೇಗೆ ಬಿಚ್ಚುತ್ತದೆ, ಹೇಗೆ ಕೂರುತ್ತದೆ, ಯಾವ ನಂಬರ್ ಯಾವುದರ ಪಕ್ಕಕ್ಕೆ ಎಂದು ಗಂಟಲು ಒಣಗುವವರೆಗೆ ವಿವರಿಸಿದ.

ಭಾನುವಾರ ಹಾಲಿನ ಗೋಡೆಗಳು ಇಳಿದವು. ಗಾರೆ ಕೆರೆದ ಇಟ್ಟಿಗೆಗಳು ಅಂಗಳದಲ್ಲಿ ಅಚ್ಚುಕಟ್ಟಾಗಿ ಸಾಲುಗಟ್ಟಿ ಕೂತವು. ನಿಂಗವ್ವ, ಗಂಡ ಗೋಣಿಚೀಲಕ್ಕೆ ತುಂಬಿಟ್ಟ ಪಾತ್ರೆಗಳ ಪಕ್ಕ, ಬಾಗಿಲಿಲ್ಲದ, ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಕೂತು ಅಷ್ಟೂ ಜನಕ್ಕೆ ರೊಟ್ಟಿ ಮಾಡಿ ಹಾಕಿದಳು. ಉಂಡವರು ಎದ್ದು ಅಡುಗೆಮನೆಯ ಗೋಡೆಗೆ ಉಳಿ ಇಟ್ಟರು.

ಉಳಿ ಟಣ್ ಎಂದಿತು. ಗೋಡೆ ಏನೂ ಅನ್ನಲಿಲ್ಲ.

ಇನ್ನೊಬ್ಬ ಬಡಿದ. ಉಳಿಯ ತುದಿ ಮುರಿಯಿತು. ಗುರುಪಾದಪ್ಪ ಉಗುರಿನಲ್ಲಿ ಕೆರೆದು ನೋಡಿದ. ಸುಣ್ಣದ ಕೆಳಗೆ ಬೂದು ಬಣ್ಣ.

"ಯಾರು ಹಾಕಿದ್ದಿದು?"

"ನಾನು," ಎಂದಳು ನಿಂಗವ್ವ, ಕೈಗೆ ಮೆತ್ತಿದ ಹಿಟ್ಟನ್ನು ಉಜ್ಜಿಕೊಳ್ಳುತ್ತ.

"ನನಗ ಹೇಳಲಾರ್ದಂಗ?"

"ಹೇಳಿದ್ನೆಲ್ರಿ. ಕದಲದಂಥಾ ಮನಿ ಬೇಕಂತ ಮೊದಲ ದಿನಾನ ಹೇಳೀನಿ. ನೀವು ಕೇಳಿಸ್ಕೊಳ್ಳಿಲ್ಲ, ಶ್ರೀರಾಮಪ್ಪಣ್ಣ ಕೇಳಿಸ್ಕೊಂಡ."

ಗೆಳೆಯರು ಇದ್ದಕ್ಕಿದ್ದಂತೆ ಇಟ್ಟಿಗೆ ಪೇರಿಸುವುದರಲ್ಲಿ ಬಹಳ ಆಸಕ್ತಿ ತೋರಿಸತೊಡಗಿದರು.

"ಲೇ, ನಾಳೆ ಅವ್ರು ಬಂದು ಒಡದ ಹಾಕ್ತಾರ. ಒಂದ ಇಟ್ಟಂಗೀನೂ ಉಳಿಯೂದಿಲ್ಲ. ಬಿಚ್ಚಿದ್ರ ಉಳೀತಿತ್ತು."

"ಒಡೀಲಿ. ಒಡದ್ರ ಮನಿ ಹೋತು ಅಂತ ಒಂದ ಸಲ ಅತ್ತ ಬಿಡತೀನಿ. ವರ್ಷಾ ವರ್ಷಾ ಬಿಚ್ಚಿ ಕಟ್ಟೂ ಮನ್ಯಾಗ ಅಳಾಕೂ ಒಂದು ಜಾಗಾ ಇರೂದಿಲ್ರಿ." ಅವಳು ಒಲೆಕಟ್ಟೆಗೆ ಬೆನ್ನು ಕೊಟ್ಟು ಕೂತಳು. "ನಾ ಇಲ್ಲಿಂದ ಏಳೂದಿಲ್ಲ."

ಅವಳು ಏಳಲಿಲ್ಲ. ಸೋಮವಾರ ಬೆಳಿಗ್ಗೆ ಆಫೀಸಿನವರು ಬಂದಾಗಲೂ ಅಲ್ಲೇ ರೊಟ್ಟಿ ಬಡಿಯುತ್ತಿದ್ದಳು.

ಬಂದವರು ಮೂವರೇ: ಕೊಡೆ ಹಿಡಿದ ಒಬ್ಬ ಸಾಹೇಬರು, ಅಳತೆಯ ಸರಪಳಿ ಹೊತ್ತ ಇಬ್ಬರು. ಹಾರೆಯಿಲ್ಲ, ಲಾರಿಯಿಲ್ಲ. ಸಾಹೇಬರು ಇಟ್ಟಿಗೆ ರಾಶಿಯನ್ನೂ, ಅದರ ನಡುವೆ ಹೊಗೆ ಬಿಡುತ್ತ ಒಂಟಿಯಾಗಿ ನಿಂತಿದ್ದ ಅಡುಗೆಮನೆಯನ್ನೂ ನೋಡಿದರು.

"ಏನ್ರೀ ಇದು? ಮನೆ ಕಟ್ತಾ ಇದೀರೋ, ಕೆಡವ್ತಾ ಇದೀರೋ?"

"ನೀವು ಕೆಡವತೀರಿ ಅಂತ ನಾವ ಬಿಚ್ಚಿದ್ವಿ ಸಾಹೇಬ್ರ."

"ಕೆಡವೋದಾ? ಯಾರ್ ಹೇಳಿದ್ದು? ಮನೆ ಕಟ್ಟಿ ವಾಸ ಇರೋ ಸೈಟು ಬಿಟ್ಬಿಡಿ, ಖಾಲಿ ಇರೋದು ತಗೊಳ್ಳಿ ಅಂತ ನಮಗೆ ಆರ್ಡರ್ ಆಗಿರೋದು."

ಎಲ್ಲರೂ ಪಕ್ಕದಲ್ಲಿ ನಿಂತಿದ್ದ ಶ್ರೀರಾಮಪ್ಪನ ಕಡೆ ನೋಡಿದರು. ಶ್ರೀರಾಮಪ್ಪ ಆಕಾಶದ ಕಡೆ ನೋಡಿದ.

"ಮೊನ್ನೆ ಮುಂಜಾನಿತನಕಾ ಇದು ಪೂರಾ ಮನೀನ ಇತ್ರಿ," ಎಂದ ಗುರುಪಾದಪ್ಪ.

"ಮೊನ್ನೆ ಇದ್ದಿದ್ದನ್ನ ಬರೆಯೋಕೆ ನಾನು ಮೊನ್ನೆ ಬಂದಿಲ್ವಲ್ರೀ." ಸಾಹೇಬರು ಅಡುಗೆಮನೆಯೊಳಗೆ ಇಣುಕಿದರು. "ಗೋಡೆ ಇದೆ. ಮೇಲೆ ಚಪ್ಪಡಿ ಇದೆ. ಒಲೆ ಉರೀತಾ ಇದೆ. ಇರಬಹುದು, ಮನೆ ಇರಬಹುದು. ಬಾಗಿಲೆಲ್ಲಿ?"

ಗುರುಪಾದಪ್ಪ ಯಶವಂತಪುರದ ದಿಕ್ಕಿಗೆ ಬೆರಳು ತೋರಿಸಿದ.

"ಬಾಗಿಲಿಲ್ದಿದ್ರೆ ದನದ ಕೊಟ್ಟಿಗೆ ಅಂತ ಬರೀಬೇಕಾಗುತ್ತೆ. ಮೇಲಿನೋರು ಬಂದು ನೋಡಿದ್ರೆ ನಾನೇನ್ ಹೇಳ್ಲಿ?" ಅವರು ಕೊಡೆ ತಿರುಗಿಸಿದರು. "ಆ ಕಡೆ ಅಳತೆ ಮುಗಿಸ್ಕೊಂಡು ಸಂಜೆ ಇದೇ ದಾರೀಲಿ ಬರ್ತೀನಿ. ಆಗ ಏನಿರುತ್ತೋ ಅದನ್ನೇ ಬರೆಯೋದು."

ಗುರುಪಾದಪ್ಪನ ಸೈಕಲ್ ಅಷ್ಟು ಜೋರಾಗಿ ಮತ್ತಿಕೆರೆಯನ್ನು ದಾಟಿದ್ದು ಅದೇ ಮೊದಲು. ಅಂಗಡಿ ಮುಟ್ಟಿದಾಗ ಗಯಾಸ್ ಬಾಯ್ತುಂಬ ನಗುತ್ತಿದ್ದ.

"ಬನ್ನಿ ಸಾರ್! ನಿಮ್ದೆಲ್ಲಾ ಬೆಳಿಗ್ಗೇನೇ ಹೋಯ್ತು."

"ಎಲ್ಲಿ ಹೋತು?"

"ಮಾರಾಟ ಆಯ್ತು ಸಾರ್. ಮೊನ್ನೆ ನೀವು ಅಷ್ಟೊತ್ತು ವಿವರಿಸಿದ್ರಲ್ಲ, ಅವ್ರೇ ಬಂದ್ರು. ನಂಬರ್ ಹಾಕಿರೋ ಸೆಟ್ಟೇ ಬೇಕು, ಒಂದೂ ಬಿಡಲ್ಲ ಅಂದ್ರು. ಕಿಟಕಿ, ಬಾಗಿಲು, ತೊಲೆ, ಎಲ್ಲಾ. ನಿಮ್ ದುಡ್ಡು ತೆಗೆದಿಟ್ಟಿದೀನಿ."

"ಇಟ್ಗೊಂಡಿರು ಅಂತ ಹೇಳಿದ್ನಲ್ಲೋ ಮಾರಾಯಾ!"

"ಹೇಳಿದ್ರಿ. ಆಮೇಲೆ ಅಷ್ಟೊಂದು ಹೊಗಳಿದ್ರಿ. ಮಾರೋ ಆಸೆ ಇಲ್ದೆ ಯಾರು ಸಾರ್ ಹಂಗೆ ಹೊಗಳ್ತಾರೆ? ಮನಸ್ಸು ಬದಲಾಯ್ಸಿದ್ರು ಅಂದ್ಕೊಂಡೆ."

ಗುರುಪಾದಪ್ಪ ಒಂದು ಹಳೇ ತೊಲೆಯ ಮೇಲೆ ಕುಸಿದು ಕೂತು ನಡೆದದ್ದನ್ನು ಹೇಳಿದ. ಗಯಾಸನ ನಗು ಹೋಯಿತು. ಇಬ್ಬರೂ ಎದ್ದು ಬಾಗಿಲು ಹುಡುಕತೊಡಗಿದರು. ಎಲ್ಲವೂ ಬಿಡಿ ಬಾಗಿಲುಗಳು, ಚೌಕಟ್ಟು ಬೇರೆಯಾದವು. ಚೌಕಟ್ಟು ಸಮೇತ ಇದ್ದದ್ದು ಒಂದೇ: ಯಾವುದೋ ಬಂಗಲೆಯ ಮುಂಬಾಗಿಲು. ಎರಡು ರೆಕ್ಕೆಯದು, ಆನೆ ಹೋಗುವಷ್ಟು ಅಗಲ.

"ಇದನ್ನ ಕೂಡಸೂದು ಹೆಂಗ? ನನ್ನ ಬೋಲ್ಟ ಇದಕ್ಕ ಹೊಂದೂದಿಲ್ಲ. ಆ ಗ್ವಾಡೀಗೆ ತೂತು ಬೀಳೂದಿಲ್ಲ."

"ಸಿಮೆಂಟಲ್ಲಿ ಕೂರಿಸ್ಬೇಕು ಸಾರ್. ಆದ್ರೆ ಇವತ್ತಿಗಿವತ್ತೇ ಸಿಮೆಂಟು..." ಎಂದು ಗಯಾಸ್ ಮನೆಯ ಕಡೆ ನೋಡಿದ. ಮನಸ್ಸಿನಲ್ಲಿ ಜಗಳವಾಡಿಕೊಂಡ. ಆಮೇಲೆ ದೊಡ್ಡ ಮನುಷ್ಯನಂತೆ ಹೇಳಿದ: "ನಮ್ಮನೇಲಿದೆ. ಒಂದ್ ಮೂಟೆ ತಗೊಳ್ಳಿ. ಮಿಕ್ಕಿದ್ದು ಸಾಕು ನನಗೆ."

"ಮಿಕ್ಕಿದ್ದಿಲ್ಲ," ಎಂದಳು ಅಕ್ಬರಿ ಬಾಗಿಲಲ್ಲಿ ನಿಂತು. "ಇರೋದೇ ಒಂದು ಮೂಟೆ."

"ಕ್ಯಾ ಬೋಲ್ರೀ ತೂ?"

"ಉಳಿದಿದ್ದು ನಿಂಗಮ್ಮನ ಗೋಡೇಲಿದೆ. ಹೋಗಿ ನೋಡ್ಕೊಂಡ್ ಬನ್ನಿ, ಚೆನ್ನಾಗಿದೆ."

ಗಯಾಸ್ ಬಾಯಿ ತೆರೆದ. ಗುರುಪಾದಪ್ಪ ಅವನ ಭುಜದ ಮೇಲೆ ಕೈಯಿಟ್ಟ. ಆ ಗಳಿಗೆಯಲ್ಲಿ ಅವನಷ್ಟು ಹತ್ತಿರದವರು ಲೋಕದಲ್ಲಿ ಇನ್ನಾರೂ ಇರಲಿಲ್ಲ. ಜಗಳಕ್ಕೆ ಪುರುಸೊತ್ತೂ ಇರಲಿಲ್ಲ. ಮೂಟೆಯನ್ನೂ ಬಾಗಿಲನ್ನೂ ತಳ್ಳುಗಾಡಿಗೆ ಹಾಕಿ ಇಬ್ಬರೂ ತಳ್ಳಿದರು.

ಅರ್ಧ ಮೂಟೆ ಗಂಟುಗಟ್ಟಿತ್ತು. ಜರಡಿ ಹಿಡಿದು ಉಳಿದದ್ದನ್ನು ಶ್ರೀರಾಮಪ್ಪ ರಾಶಿ ಹಾಕಿದ. ಬಾಗಿಲು ಗೋಡೆಯ ಸಂದಿಗಿಂತ ಎರಡು ಪಟ್ಟು ಅಗಲವಿದ್ದುದರಿಂದ ಅಡುಗೆಮನೆಯ ಮುಂದೆ ಗೋಡೆಗೆ ಅಂಟಿದಂತೆ ಎರಡು ಕಂಬ ಕಟ್ಟಿ, ನಡುವೆ ಅದನ್ನು ನಿಲ್ಲಿಸುವುದೆಂದಾಯಿತು. ಇಟ್ಟಿಗೆಗೆ ಬರವಿರಲಿಲ್ಲ.

"ಸಾಮಿ, ನೀರ್ ಉಯ್ದು ಕಲಸ್ರಿ," ಎಂದ ಶ್ರೀರಾಮಪ್ಪ ಸಲಿಕೆ ಚಾಚುತ್ತ. "ನನಗೆ ಎಲ್ಡೇ ಕೈ."

ಗುರುಪಾದಪ್ಪ ಬೂದು ರಾಶಿಯ ಮುಂದೆ ನಿಂತ. ನೀರು ಬಿದ್ದರೆ ಮುಗಿಯಿತು, ಮತ್ತೆ ಪುಡಿಯಾಗುವುದಿಲ್ಲ. ನಂಬರ್ ಬರೆಯಲು ಅದರಲ್ಲಿ ಬಿಡಿ ಭಾಗವೇ ಇಲ್ಲ. ಅಡುಗೆಮನೆಯೊಳಗಿಂದ ನಿಂಗವ್ವ ಇವನನ್ನೇ ನೋಡುತ್ತಿದ್ದಳು. ಬೇಡಿಕೊಳ್ಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಅವನು ಕೊಡ ಬಗ್ಗಿಸಿದ.

"ಗಟ್ಟಿ ಕಲಸ್ರಿ," ಎಂದಳು ಒಳಗಿನಿಂದ. "ರೊಟ್ಟಿ ಹಿಟ್ಟಿನಂಗ."

ಕಂಬ ಎದ್ದು, ಚೌಕಟ್ಟು ಕೂತು, ರೆಕ್ಕೆಗಳು ಮುಚ್ಚಿಕೊಂಡ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಸಾಹೇಬರ ಕೊಡೆ ಹೊಲದ ಆ ತುದಿಯಿಂದ ಬರುತ್ತಿತ್ತು. ಅವರು ಬಂದು ನಿಂತು, ತಲೆಯೆತ್ತಿ ಬಾಗಿಲನ್ನು ನೋಡಿದರು, ಹಿಂದೆ ಸರಿದು ಮನೆಯನ್ನು ಹುಡುಕಿದರು.

"ಮನೆಗಿಂತ ಬಾಗಿಲೇ ದೊಡ್ಡದಿದೆಯಲ್ರೀ!"

"ಬಾಗಿಲು ಕೇಳಿದ್ರಿ ಸಾರ್, ಅಳತೆ ಹೇಳಿರ್ಲಿಲ್ಲ," ಎಂದ ಗಯಾಸ್.

ಸಾಹೇಬರು ತಳ್ಳಲು ಕೈ ಚಾಚಿದರು. "ಮುಟ್ಬ್ಯಾಡ್ರಿ!" ಎಂದು ಮೂರು ಗಂಟಲು ಒಟ್ಟಿಗೆ ಕೂಗಿದವು.

"ಅಸಿ ಐತೆ ಸಾಮಿ," ಎಂದ ಶ್ರೀರಾಮಪ್ಪ. "ನಾಳೆ ಒತ್ತು ಉಟ್ಟೋಗಂಟ ಅಲ್ಲಾಡಂಗಿಲ್ಲ."

"ತೆರೆಯದೇ ಇರೋ ಬಾಗಿಲು. ಒಳಗೆ ಯಾರಾದ್ರೂ ವಾಸ ಇದಾರೆ ಅಂತ ನಾನು ಹೆಂಗ್ರೀ ನಂಬೋದು?"

ಪಕ್ಕದ ಗೋಡೆಯಲ್ಲಿ ಕಿಟಕಿಯಿದ್ದ ತೂತಿನಿಂದ ಒಂದು ಕೈ ಹೊರಬಂತು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ.

"ಬೆಳಿಗ್ಗಿಂದ ಬಿಸಲಾಗ ಅಡ್ಡಾಡೀರಿ," ಎಂದಿತು ಧ್ವನಿ. "ಉಣ್ರಿ. ಉಂಡು ಬರ್ಕೋರಿ."

ಸಾಹೇಬರು ಇಟ್ಟಿಗೆ ರಾಶಿಯ ಮೇಲೆ ಕೂತು ಉಂಡರು. ಸರಪಳಿಯವರೂ ಉಂಡರು. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು. ಕೈ ತೊಳೆದ ಮೇಲೆ ಸಾಹೇಬರು ಪೆನ್ನು ತೆಗೆದು, ಎಲ್ಲರಿಗೂ ಕೇಳುವಂತೆ ಓದುತ್ತ ಬರೆದರು: "ಒಂದು ವಾಸದ ಮನೆ. ಪಕ್ಕಾ ಕಟ್ಟಡ."

ಅವರು ಹೋದರು. ಗಯಾಸ್ ಅಡುಗೆಮನೆಯ ಗೋಡೆಯನ್ನು ಒಂದು ಸಲ ಸವರಿ, ನಿಟ್ಟುಸಿರು ಬಿಟ್ಟು, ಗಾಡಿ ತಳ್ಳಿಕೊಂಡು ಹೋದ. ಶ್ರೀರಾಮಪ್ಪ ಬೆಳಿಗ್ಗೆ ಬರುತ್ತೇನೆಂದು ಹೇಳಿ, ಈ ಸಲ ಯಾವ ಸುದ್ದಿಯನ್ನೂ ಹೇಳದೆ ಹೊರಟ. ನಿಂಗವ್ವ ಒಳಗೆ ಸಿಕ್ಕಿಕೊಂಡಿದ್ದಳು, ಗುರುಪಾದಪ್ಪ ಹೊರಗೆ. ಅವನು ಕಿಟಕಿಯ ತೂತಿನ ಕೆಳಗೆ ಗೋಡೆಗೆ ಒರಗಿ ಕೂತ. ಒಂದು ರೊಟ್ಟಿ ಇಳಿದು ಬಂತು.

"ಹಾಲ್ ಮತ್ತ ಕಟ್ಟಬೇಕಲ್ಲ," ಎಂದ.

"ಕಟ್ರಿ."

"ಗಾರ್ಯಾಗ ಕಟ್ತೀನಿ ಮತ್ತ. ಈಗ ಹೇಳೇನಿ ನೋಡು."

"ಹಾಲ್ ನಿಮ್ಮದು. ಬೇಕಾದ್ರ ಹಬ್ಬಕ್ಕೊಮ್ಮೆ ಬಿಚ್ರಿ." ಒಳಗೆ ಪಾತ್ರೆಗಳನ್ನು ಒಂದೊಂದಾಗಿ ಗೋಣಿಚೀಲದಿಂದ ತೆಗೆದಿಡುವ ಸದ್ದು ಕೇಳಿತು. "ಬಾಗಲದ ಅಗಲಕ್ಕ ಸರಿಯಾಗಿ ದೊಡ್ಡದ ಕಟ್ರಿ ಮಾತ್ರ. ಇಷ್ಟ ದೊಡ್ಡ ಬಾಗಲಾ ತೆಗದು ಬಂದಾವ್ರು ಒಲಿ ಮ್ಯಾಲೆ ಬೀಳಬಾರ್ದು."

ಗುರುಪಾದಪ್ಪ ರೊಟ್ಟಿ ಮುರಿಯುತ್ತ, ಎದುರಿನ ಇಟ್ಟಿಗೆ ರಾಶಿಯನ್ನು ನೋಡಿ ಮನಸ್ಸಿನಲ್ಲೇ ಹಾಲಿನ ಅಗಲವನ್ನು ಅಳೆಯತೊಡಗಿದ.